ಎಡಗಡೆಯ ಹಿಡಿಕಿ

ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿ, ಬಾಬಿನ್ ಡಬ್ಬಿಗೂ ಕತ್ತರಿಗೂ ನಡುವೆ, ಈಗೀಗ ಒಂದು ನೀಲಿ ಹಿಡಿಕೆ ಚಾರ್ಜಿಗೆ ಕೂತಿರುತ್ತದೆ. ಉದ್ದ ಗೇಣಿಗಿಂತ ಕಡಿಮೆ. ಹೆಬ್ಬೆರಳಿಟ್ಟು ಆಚೀಚೆ ಅಲ್ಲಾಡಿಸಲು ಒಂದು ಪುಟ್ಟ ಗುಬ್ಬಿ, ಅದರ ಕೆಳಗೆ ನಾಲ್ಕು ಗುಂಡಿ. ಲಿಂಗಸುಗೂರಿನ ನಮ್ಮ ಓಣಿಯ ಹೆಂಗಸರು ಬ್ಲೌಸಿನ ಅಳತೆ ಕೊಡಲು ಬಂದಾಗ ಮೊದಲು ಅದನ್ನೇ ನೋಡುತ್ತಾರೆ. "ಏನ್ರೀ ಅಕ್ಕಾರ ಇದು, ಕಾಜಾ ಮಾಡೋ ಹೊಸಾ ಮಷೀನೇನು?" ಎಂದು ಒಬ್ಬಾಕೆ ಕೇಳಿದಳು. ಹೌದೆಂದುಬಿಟ್ಟೆ. ಮಾರನೆಯ ದಿನ ಅವಳು ಗಂಡನ ಅಂಗಿಗಳನ್ನೆಲ್ಲ ಕಾಜಾ ಮಾಡಿಸಲು ಹೊತ್ತು ತಂದಳು. ಕೈಯಲ್ಲೇ ಮಾಡಿಕೊಟ್ಟು ಬೆರಳೆಲ್ಲ ಚುಚ್ಚಿಕೊಂಡೆ.

ನಿಜ ಹೇಳುವುದಕ್ಕೆ ನಾಚಿಕೆ. ನಲವತ್ತೈದು ದಾಟಿದ, ಮಂಡಿ ನೋವಿಗೆ ಎಣ್ಣೆ ತಿಕ್ಕಿಕೊಳ್ಳುವ ಹೆಂಗಸೊಬ್ಬಳು ವಾರಕ್ಕೆರಡು ದಿನ ಬಸ್ಸು ಹತ್ತಿ ಸಿಂಧನೂರಿಗೆ ಹೋಗಿ ವಿಡಿಯೊ ಗೇಮ್ ಆಡಿ ಬರುತ್ತಾಳೆ ಎಂದರೆ ಯಾರು ನಂಬುತ್ತಾರೆ? ನಂಬಿದವರು ಆಮೇಲೆ ಹೊಲಿಯಲು ಬಟ್ಟೆ ಕೊಡುತ್ತಾರೆಯೇ? ನಿಮಗಾದರೆ ಹೇಳಬಹುದು, ನೀವು ಅಳತೆ ಕೊಟ್ಟವರಲ್ಲ.

ಹಿಡಿಕೆ ನನ್ನ ತಮ್ಮ ಶರಣುವಿನದು. ಅವನಿಗೆ ಮಸ್ಕಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಯಾರೋ ಗಿರಾಕಿ ಒಂದು ಗೇಮ್ ಯಂತ್ರವನ್ನು ತಂದು, ಒಳಗಿನ ಬ್ಯಾಟರಿ ಉಬ್ಬಿ ನಿಂತದ್ದನ್ನು ನೋಡಿ ಹೆದರಿ, ಸಿಕ್ಕಷ್ಟಕ್ಕೆ ಇವನಿಗೇ ಮಾರಿಹೋದ. ಶರಣು ಬೇರೆ ಬ್ಯಾಟರಿ ಹಾಕಿ ಅದನ್ನು ಬದುಕಿಸಿಕೊಂಡ. ನಮ್ಮ ಕಡೆ ಸ್ಲೇಟಿಗೆ ಪಾಟಿ ಎನ್ನುತ್ತಾರೆ. ಇದೂ ಅಷ್ಟೇ ಅಗಲ, ಹಾಗಾಗಿ ಇದಕ್ಕೂ ಪಾಟಿ ಎಂದೇ ಹೆಸರಾಯಿತು. ಪಾಟಿಯ ಎರಡು ಬದಿಗೆ ಎರಡು ಹಿಡಿಕೆ. ಎಳೆದರೆ ಕಳಚಿ ಬರುತ್ತವೆ, ತಂತಿಯಿಲ್ಲದೆ ದೂರದಿಂದಲೇ ಕೆಲಸ ಮಾಡುತ್ತವೆ. ಎಡಗಡೆಯದು ಆಟದೊಳಗಿನ ಆಳನ್ನು ನಡೆಸುತ್ತದೆ, ಬಲಗಡೆಯದು ಅವನನ್ನು ಜಿಗಿಸುತ್ತದೆ. ಮನುಷ್ಯನಿಗೆ ಎರಡು ಕೈ ಇದ್ದೇ ಇರುತ್ತವೆ ಎಂಬ ಧೈರ್ಯದ ಮೇಲೆ ಯಾರೋ ಮಾಡಿದ ಯಂತ್ರ.

ಬ್ಯಾಟರಿಯ ಚಿಂತೆ ನಮ್ಮಿಬ್ಬರಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಸೋದರಮಾವ ಒಂದು ಕೈಯಾಟ ತಂದುಕೊಟ್ಟಿದ್ದ, ಮೇಲಿಂದ ಬೀಳುವ ಇಟ್ಟಿಗೆಗಳನ್ನು ಸಾಲಾಗಿ ಜೋಡಿಸುವಂಥದ್ದು. ಆಟ ತಂದ ಮಾವ ಶೆಲ್ಲುಗಳನ್ನು ಮಾತ್ರ ಮರೆತಿದ್ದ. ಪೆನ್ಸಿಲ್ ಸೆಲ್ ನಮ್ಮ ಬಾಯಲ್ಲಿ ಶೆಲ್ಲು. ಅವನ್ನು ಕೊಡಿಸಿ ಎಂದು ಕೇಳುವ ಧೈರ್ಯವಿಲ್ಲದೆ ಗೋಡೆಯ ಗಡಿಯಾರದಿಂದ, ರೇಡಿಯೊದಿಂದ ಕಳಚುತ್ತಿದ್ದೆವು. ಅವು ಸತ್ತ ಮೇಲೆ ಮಾಳಿಗೆಗೆ ಒಯ್ದು, ಅವ್ವ ಒಣಹಾಕಿದ ಸಂಡಿಗೆಯ ಪಕ್ಕದಲ್ಲಿ ಬಿಸಿಲಿಗೆ ಇಡುತ್ತಿದ್ದೆವು. ಶರಣು ಅಷ್ಟಕ್ಕೇ ಬಿಡದೆ ಹಲ್ಲಿನಿಂದ ಕಚ್ಚಿ ನೋಡುತ್ತಿದ್ದ. ನಮ್ಮೂರಿನ ಬಿಸಿಲಿಗೆ ಸತ್ತ ಶೆಲ್ಲೂ ಎದ್ದು ಇನ್ನೊಂದು ಆಟಕ್ಕೆ ಬರುತ್ತಿತ್ತು. 

ಗಡಿಯಾರ ನಿಂತದ್ದರಿಂದ ಒಂದು ಸಲ ದೊಡ್ಡ ಫಜೀತಿಯಾಯಿತು. ಅಪ್ಪನಿಗೆ ಕಾಲುವೆಯ ಕೆಳಗೆ ಒಂದಿಷ್ಟು ಗದ್ದೆಯಿತ್ತು. ಕಾಲುವೆ ನೀರು ಒಬ್ಬೊಬ್ಬರಿಗೆ ಒಂದೊಂದು ಹೊತ್ತು, ಅದಕ್ಕೆ ಪಾಳಿ ಎನ್ನುತ್ತಾರೆ. ನಿಂತ ಗಡಿಯಾರ ನೋಡಿಕೊಂಡು ಅಪ್ಪ ನಿಧಾನಕ್ಕೆ ಚಹಾ ಕುಡಿದು ಹೊರಟ. ಅವನು ಹೋಗುವಷ್ಟರಲ್ಲಿ ಪಾಳಿ ಮುಗಿದು ನೀರು ಮುಂದಿನವನ ಗದ್ದೆಗೆ ತಿರುಗಿತ್ತು. ಅಪ್ಪ ಬಂದು ಬೈಯಲಿಲ್ಲ, ಹೊಡೆಯಲಿಲ್ಲ. "ಪಾಳಿ ಹೋತು" ಎಂದಷ್ಟೇ ಹೇಳಿ ಕಟ್ಟೆಯ ಮೇಲೆ ಕೂತ. ನಾವು ಆಡುತ್ತಿದ್ದ ಕೈಯಾಟದಲ್ಲೂ ಅದೇ ಮಾತು, "ಈಗ ನನ್ನ ಪಾಳಿ, ಕೊಡು" ಎಂದು ಜಗಳ. ಆ ಪಾಳಿಗೂ ಈ ಪಾಳಿಗೂ ಏನಾದರೂ ಸಂಬಂಧವಿದೆಯೆಂದು ನಮಗೆ ಹೊಳೆದೇ ಇರಲಿಲ್ಲ.

ಈಗ ಪಾಳಿ ಎಂದರೆ ಡಯಾಲಿಸಿಸ್. ಶರಣುವಿನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ನಮಗೆ ಪಾಳಿ ಸಿಕ್ಕಿದ್ದು ಸಿಂಧನೂರಿನ ಒಂದು ದವಾಖಾನೆಯಲ್ಲಿ, ವಾರಕ್ಕೆರಡು ದಿನ. ನನ್ನ ಒಂದು ಕಿಡ್ನಿ ಕೊಡುತ್ತೇನೆಂದು ಬಹಳ ಉಬ್ಬಿಕೊಂಡು ಹೋಗಿದ್ದೆ. ಪರೀಕ್ಷೆ ಮಾಡಿದಾಗ ನನಗೂ ಶುಗರ್ ಇದೆಯೆಂದು ಅಲ್ಲೇ ಗೊತ್ತಾಯಿತು. ಡಾಕ್ಟರು ಆಗುವುದಿಲ್ಲ ಎಂದರು. ಕೊಡಲು ಹೋದವಳು ನನ್ನದೇ ಗುಳಿಗೆಯ ಚೀಟಿ ಹಿಡಿದು ಹೊರಗೆ ಬಂದೆ. ಅವತ್ತಿನ ದುಃಖ ಇನ್ನೂ ಇಳಿದಿಲ್ಲ.

ಕೊಡಲಾಗದವಳು ಜೊತೆಗಾದರೂ ಹೋಗಬೇಕಲ್ಲ. ಶರಣುವಿನ ಹೆಂಡತಿ ಸುವರ್ಣಾ ಅಂಗಡಿ ನೋಡಿಕೊಳ್ಳುತ್ತಾಳೆ, ಅದು ಮುಚ್ಚಿದರೆ ಮನೆ ನಡೆಯುವುದಿಲ್ಲ. ಹಾಗಾಗಿ ಪಾಳಿಯ ದಿನ ನಾನು ಲಿಂಗಸುಗೂರಿನಲ್ಲಿ ಬಸ್ಸು ಹತ್ತಿ ಪಕ್ಕದ ಸೀಟಿಗೆ ಟವೆಲ್ ಹಾಸುತ್ತೇನೆ. ಮಸ್ಕಿ ಬರುವವರೆಗೆ ಆ ಟವೆಲ್ಲಿಗಾಗಿ ಜಗಳವಾಡುತ್ತೇನೆ. "ಪೇಷಂಟ್ ಬರ್ತಾರ್ರೀ" ಎಂದರೆ ಜನ ಸುಮ್ಮನಾಗುತ್ತಾರೆ. ಆಮೇಲೆ ಶರಣು ಇಸ್ತ್ರಿ ಅಂಗಿ ತೊಟ್ಟು, ಪೌಡರ್ ಹಚ್ಚಿಕೊಂಡು ಹತ್ತಿದಾಗ ನನ್ನನ್ನು ಸುಳ್ಳುಬುರುಕಿ ಎಂಬಂತೆ ನೋಡುತ್ತಾರೆ. ಮಸ್ಕಿ ದಾಟಿ ಸಿಂಧನೂರು ಹತ್ತಿರವಾದಂತೆ ರಸ್ತೆಯ ಎರಡೂ ಕಡೆ ಭತ್ತದ ಗದ್ದೆಗಳಲ್ಲಿ ನೀರು ನಿಂತಿರುತ್ತದೆ. ದಿನಕ್ಕೆ ಇಷ್ಟೇ ನೀರು ಎಂದು ಅಳೆದು ಕುಡಿಯುವ ಅವನು ಆ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು ಕೂರುತ್ತಾನೆ.

ದವಾಖಾನೆಯಲ್ಲಿ ಅವನ ಹಾಸಿಗೆ ಕಿಟಕಿಯ ಪಕ್ಕ. ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚಿ ರಕ್ತವನ್ನು ಯಂತ್ರಕ್ಕೆ ಕೊಡುತ್ತಾರೆ, ಯಂತ್ರ ತೊಳೆದು ವಾಪಸು ಕಳಿಸುತ್ತದೆ. ನಾಲ್ಕು ತಾಸು ಎಡಗೈ ಅಲ್ಲಾಡುವಂತಿಲ್ಲ. ಮೊದಲ ದಿನಗಳಲ್ಲಿ ಅವನು ಚಾವಣಿ ನೋಡುತ್ತ ಮಲಗಿರುತ್ತಿದ್ದ, ನಾನು ಅವನನ್ನು ನೋಡುತ್ತ ಕೂತಿರುತ್ತಿದ್ದೆ.  ಒಂದು ದಿನ ಅವನು ಪಾಟಿ ತಂದ. ಕಿಟಕಿಯ ಕಟ್ಟೆಯ ಮೇಲೆ ಅದನ್ನು ಒರಗಿಸಿ, ಹಿಡಿಕೆಗಳನ್ನು ಕಳಚಿ, ಬಲಗಡೆಯದನ್ನು ತಾನು ಹಿಡಿದು ಎಡಗಡೆಯದನ್ನು ನನ್ನ ಕೈಗಿಟ್ಟ.

"ಹಿಡಿ. ನನ್ನ ಎಡಗೈ ಇವತ್ತಿಂದ ನೀನ" ಎಂದ.

"ನನಗೇನ್ ಬರ್ತೈತಲೇ ಇದು?"

"ಬಟ್ಟಿ ಸರಸೂದು ಬರ್ತೈತಲ್ಲ, ಅಷ್ಟ. ನೀ ಸರಸು, ನಾ ಜಿಗಸ್ತೀನಿ."

ಆಟದ ಆಳು ದುಂಡಗಿದ್ದ, ಕೈಯಲ್ಲೊಂದು ಛತ್ರಿ. ಅವನಿಗೆ ಗುಂಡ್ಯಾ ಎಂದು ಹೆಸರಿಟ್ಟೆವು. ಗುಂಡ್ಯಾ ಮಾಳಿಗೆಯಿಂದ ಮಾಳಿಗೆಗೆ ಜಿಗಿದು ಊರಿನ ಕೊನೆಯ ಮನೆ ಮುಟ್ಟಬೇಕು. ಬಿದ್ದರೆ ಮತ್ತೆ ಮೊದಲಿನಿಂದ. ಹೊಲಿಗೆಯಲ್ಲಿ ಬಟ್ಟೆಯನ್ನು ಸೂಜಿಯ ಕೆಳಗೆ ಸಾಗಿಸುವುದು ಎಡಗೈಯೇ ಆದರೂ, ಆ ಎಡಗೈಗೆ ಕಾಲಿನ ಜೊತೆ ಇಲ್ಲದೆ ಕೆಲಸ ಮಾಡಿ ಗೊತ್ತಿಲ್ಲ. ಗುಬ್ಬಿ ಒತ್ತಿದಾಗಲೆಲ್ಲ ನನ್ನ ಕಾಲು ತಾನಾಗಿ ಪೆಡಲ್ ತುಳಿಯುತ್ತಿತ್ತು. ಸ್ಟೂಲು ಕಟಕಟ ಎನ್ನುತ್ತಿತ್ತು. ಸಿಸ್ಟರ್ ಬಂದು, "ಅಕ್ಕಾರ, ಮಷೀನ್ ಸಪ್ಪಳ ಮಾಡಾಕತ್ತೈತೋ, ನೀವೋ?" ಎಂದು ಕೇಳಿದರು. ವಾರ್ಡಿನಲ್ಲಿ ಯಾರೋ ನಕ್ಕರು. ಶರಣುವೂ ನಕ್ಕ.

ತೊಂದರೆ ಬಂದದ್ದು ಕನೆಕ್ಷನ್ನಿನದು. ಅವನ ಎಡಕ್ಕೆ ಡಯಾಲಿಸಿಸ್ ಯಂತ್ರ, ಅದರ ಪಕ್ಕ ನನ್ನ ಸ್ಟೂಲು. ಬಲಕ್ಕೆ ಕಿಟಕಿಯಲ್ಲಿ ಪಾಟಿ. ನನಗೂ ಪಾಟಿಗೂ ನಡುವೆ ಶರಣು ಮಲಗಿದ್ದ. ನಾನು ಒತ್ತಿದ್ದು ಪಾಟಿಗೆ ಮುಟ್ಟದೆ ಗುಂಡ್ಯಾ ನಡೆಯುತ್ತ ನಡೆಯುತ್ತ ಕಲ್ಲಿನಂತೆ ನಿಂತುಬಿಡುತ್ತಿದ್ದ, ಇಲ್ಲವೇ ನಿಲ್ಲಿಸಿದರೂ ನಿಲ್ಲದೆ ಹೋಗಿ ಬೀಳುತ್ತಿದ್ದ.

"ಇದರ ಅಲೆಗೆ ನೀರು ಆಗಿಬರಂಗಿಲ್ಲ ಅಕ್ಕಾ" ಎಂದ ಶರಣು. "ನೀರಾಗ ಮುಳುಗಿ ಹೋಕ್ಕೈತಿ. ಮೂರು ದಿನದ ನೀರು ನನ್ನ ಮೈಯಾಗ ನಿಂತೈತಿ. ಅದನ್ನ ದಾಟಿ ಬರಬೇಕು ನೋಡು ನಿನ್ನ ಕೈ."

ಅದು ನಿಜವೋ ತಮಾಷೆಯೋ ಗೊತ್ತಿಲ್ಲ. ಆದರೆ ಯಂತ್ರ ಅವನ ಮೈಯ ನೀರು ತೆಗೆದಂತೆಲ್ಲ, ಕಾಲಿನ ಬಾವು ಇಳಿದಂತೆಲ್ಲ, ನನ್ನ ಹಿಡಿಕೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ನಡುಹೊತ್ತಿಗೆ ಅವನು, "ಕಾಲುವಿ ಖಾಲಿ ಆತು, ಇನ್ನ ನಡಸು" ಎನ್ನುತ್ತಿದ್ದ. ಹಾಗೆ ಎಲ್ಲ ಸರಿಹೋಗುವ ಹೊತ್ತಿಗೆ ಬ್ಯಾಟರಿ ಇಳಿಯುತ್ತಿತ್ತು. ಹಿಡಿಕೆಗಳದ್ದು ಚಿಂತೆಯಿಲ್ಲ, ಎರಡು ಮೂರು ಪಾಳಿ ತಡೆಯುತ್ತವೆ. ಪಾಟಿಯದ್ದೇ ಸಂಕಟ. ವಾರ್ಡಿನ ಪ್ಲಗ್ಗುಗಳು ರಕ್ತ ತೊಳೆಯುವ ಯಂತ್ರಗಳಿಗೆ ಮಾತ್ರ, ಅದು ಸರಿಯೇ. ಶರಣು ಪಾಟಿಯ ಬೆಳಕು ಕಡಿಮೆ ಮಾಡಿದ. ಆಮೇಲೆ ತಂತಿಯಿಲ್ಲದ ಇಯರ್‌ಫೋನನ್ನೂ ತೆಗೆದಿಟ್ಟ, ಅದು ಎಲ್ಲಕ್ಕಿಂತ ಮೊದಲು ಸಾಯುತ್ತಿತ್ತು, ಮೇಲಾಗಿ ಕಿವಿಗೆ ಕನೆಕ್ಷನ್ ಕೊಟ್ಟರೆ ಹಿಡಿಕೆಗಳು ತಡವರಿಸುತ್ತಿದ್ದವು. ಸಪ್ಪಳವಿಲ್ಲದೆ, ಮಬ್ಬು ಬೆಳಕಿನಲ್ಲಿ ಗುಂಡ್ಯಾ ಜಿಗಿಯುತ್ತಿದ್ದ. ಎಷ್ಟು ಉಳಿಸಿದರೂ ಕೊನೆಯ ತಾಸಿಗೆ ಪಾಟಿ ಕಪ್ಪಾಗುತ್ತಿತ್ತು. ಕೈಕಾಲು ಸೆಳೆತ ಬರುವುದು, ತಲೆ ತಿರುಗುವುದು, ಬೇಡದ ಮಾತು ಬರುವುದು ಎಲ್ಲ ಆ ಕೊನೆಯ ತಾಸಿನಲ್ಲೇ.

ಪಕ್ಕದ ಹಾಸಿಗೆಯಲ್ಲಿ, ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ದಾದಾ ಒಬ್ಬರು ಇರುತ್ತಿದ್ದರು. ನಮ್ಮ ಆಟ ನೋಡಿ "ಬಿತ್ತು, ಬಿತ್ತು" ಎಂದು ಮೊದಲೇ ಕೂಗಿ ನನ್ನ ಕೈ ತಪ್ಪಿಸುತ್ತಿದ್ದರು. ಒಂದು ದಿನ ಆ ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು. ಸಿಸ್ಟರನ್ನು ಕೇಳಿದರೆ, "ದಾದಾ ಪಾಳಿ ಬಿಟ್ಟಾರ್ರಿ" ಎಂದರು. ಅಲ್ಲಿ ಅದಕ್ಕಿಂತ ಹೆಚ್ಚು ಯಾರೂ ಹೇಳುವುದಿಲ್ಲ. ಬರುವುದನ್ನು ನಿಲ್ಲಿಸಿದರೂ ಪಾಳಿ ಬಿಟ್ಟಾರ, ಸತ್ತರೂ ಪಾಳಿ ಬಿಟ್ಟಾರ. ಮೊದಲನೆಯದಾದ ಮೇಲೆ ಎರಡನೆಯದಕ್ಕೆ ಬಹಳ ದಿನ ಬೇಕಾಗುವುದಿಲ್ಲವೆಂದು ಇರಬೇಕು.

ಅವತ್ತು ಪಾಟಿ ಕಪ್ಪಾದ ಮೇಲೆ ಶರಣು ತನ್ನ ಹಿಡಿಕೆಯನ್ನು ಪಕ್ಕಕ್ಕಿಟ್ಟ. ಆಮೇಲೆ, "ಅಕ್ಕಾ, ನನಗೂ ಸಾಕಾಗೈತಿ. ನಾನೂ ಪಾಳಿ ಬಿಡ್ತೀನಿ" ಎಂದ.

"ಬಾಯಿ ಮುಚ್ಚು."

"ಖರೇ. ಈ ಗುಂಡ್ಯಾನ ಮನಿ ಮುಟ್ಟಿಸಿಬಿಡೂಣು. ಈ ಆಟ ಮುಗಿಯೂತನಾ ಬರ್ತೀನಿ. ಆಮ್ಯಾಲೆ ನನ್ನ ಕರೀಬ್ಯಾಡ."

ಬೈದೆ, ಅತ್ತೆ, ಸುವರ್ಣಾಳ ಹೆಸರು ಹೇಳಿದೆ. ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ನನಗೆ ಉಳಿದದ್ದು ಒಂದೇ ದಾರಿ: ಆಟ ಮುಗಿಯಬಾರದು. ಹೊರಡುವಾಗ ಎಡಗಡೆಯ ಹಿಡಿಕೆಯನ್ನು ನನ್ನ ಚೀಲಕ್ಕೆ ಹಾಕಿಕೊಂಡು, "ಇದನ್ನ ನಾನ ಚಾರ್ಜ್ ಮಾಡ್ಕೊಂಡು ಬರ್ತೀನಿ" ಎಂದೆ. ಅವನು ಏನೂ ಕೇಳದೆ ಮುಂದಿನ ಸಲ ಅದಕ್ಕೆ ಬೇಕಾದ ಚಾರ್ಜರನ್ನೂ ಅಂಗಡಿಯಿಂದ ತಂದುಕೊಟ್ಟ. ಪೆಡಲ್ಲೇ ಇಲ್ಲದ ಮೇಲೆ ಹೊಲಿಗೆ ಹೇಗೆ ನಡೆದೀತು ಎಂಬುದು ನನ್ನ ಲೆಕ್ಕ. ಇನ್ನು ಮನೆಯಲ್ಲಿ ಕೂತು ಅವನೊಬ್ಬನೇ ಆಟ ಮುಗಿಸುವಂತಿಲ್ಲವೆಂದು ನಿಶ್ಚಿಂತಳಾದೆ. ಎಷ್ಟು ಜಾಣೆ ನಾನು ಎಂದು ಬಸ್ಸಿನಲ್ಲಿ ಒಬ್ಬಳೇ ಬೀಗಿದೆ.

ದವಾಖಾನೆಯಲ್ಲಿನ ಉಳಿದ ಕೆಲಸ ಸುಲಭ. ಕೊನೆಯ ಮನೆ ಹತ್ತಿರ ಬಂದಾಗ ಗುಬ್ಬಿಯನ್ನು ಸ್ವಲ್ಪ ಹೆಚ್ಚು ಒತ್ತಿದರೆ ಸಾಕು, ಗುಂಡ್ಯಾ ಛತ್ರಿ ಸಮೇತ ಕೆಳಗೆ. "ಅಯ್ಯ, ಕನೆಕ್ಷನ್ ಹೋತು ನೋಡಲೇ" ಎನ್ನುತ್ತಿದ್ದೆ. ಅವನು "ಹೂಂ" ಎನ್ನುತ್ತಿದ್ದ. ಮೊದಲ ತಾಸಿನಲ್ಲಿ ಆ ಮಾತು ನಂಬುವಂಥದ್ದು. ಮೈಯ ನೀರೆಲ್ಲ ಇಳಿದು ಕನೆಕ್ಷನ್ ಗಟ್ಟಿಯಾದ ಮೇಲೂ ಅದೇ ಮಾತು ಹೇಳುತ್ತಿದ್ದೆನೆಂಬುದು ನನ್ನ ತಲೆಗೆ ಹೋಗಿರಲಿಲ್ಲ. ಬೇಸಿಗೆ ಬಂತು, ಹೋಯಿತು. ಗುಂಡ್ಯಾ ಬೀಳುತ್ತಲೇ ಇದ್ದ, ಶರಣು ಬರುತ್ತಲೇ ಇದ್ದ. ನನ್ನ ಜೀವನದಲ್ಲಿ ಸೋಲುವುದಕ್ಕೆ ಅಷ್ಟು ಶ್ರದ್ಧೆಯಿಂದ ದುಡಿದದ್ದು ಬೇರೆ ಇಲ್ಲ.

ಹೀಗಿರುವಾಗ ಗೊರೇಬಾಳದಿಂದ ನಮ್ಮ ಚಿಗವ್ವ, ಅಂದರೆ ಚಿಕ್ಕಪ್ಪನ ಹೆಂಡತಿ, ಶರಣುವನ್ನು ನೋಡಲು ಮಸ್ಕಿಗೆ ಬಂದಳು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ತಂಬಿಗೆ ತುಂಬ ನೀರು ಕೊಡುತ್ತಾರೆ, ಕಾಯಿಲೆಯವರನ್ನು ನೋಡಲು ಹೋಗುವಾಗ ಎಳನೀರು ಒಯ್ಯುತ್ತಾರೆ. ಯಾರು ಯಾರಿಗೆ ಕೊಟ್ಟರೂ ಬೇಡವೆನ್ನುವಂತಿಲ್ಲ, ಬೇಡವೆಂದರೆ ಕೊಟ್ಟವರ ಕೈಯನ್ನೇ ತಳ್ಳಿದಂತೆ. ಚಿಗವ್ವ ಶರಣುವನ್ನು ಎತ್ತಿ ಆಡಿಸಿದಾಕೆ. ಚೀಲದಿಂದ ಎಳನೀರು ತೆಗೆದು, ತಾನೇ ಕೊಚ್ಚಿ, "ಕುಡಿ ನನ್ನಪ್ಪಾ, ಮೈ ತಂಪಾಕ್ಕೈತಿ" ಎಂದು ಎದುರಿಗೆ ಹಿಡಿದಳು. ಸುವರ್ಣಾ ಅಂಗಡಿಯಲ್ಲಿದ್ದಳು. ಶರಣುವಿಗೆ ಗೊತ್ತಿತ್ತು, ಕಿಡ್ನಿ ಹೋದವರಿಗೆ ಎಳನೀರು ವಿಷ, ಎದೆಯ ಬಡಿತವನ್ನೇ ನಿಲ್ಲಿಸಬಹುದು. ಗೊತ್ತಿದ್ದೂ ಕುಡಿದ.

ಮಾರನೆಯ ದಿನ ಅವನನ್ನು ಕಾರಿನಲ್ಲಿ ಮಲಗಿಸಿಕೊಂಡು ಸಿಂಧನೂರಿಗೆ ತಂದರು. ಪಾಳಿಯಿಲ್ಲದ ದಿನ ಪಾಳಿ ಕೊಟ್ಟು ಉಳಿಸಿದರು. ನಾನು ಹೋಗುವಷ್ಟರಲ್ಲಿ ಕಣ್ಣು ಬಿಟ್ಟಿದ್ದ. "ಯಾಕ ಕುಡದ್ಯೋ?" ಎಂದರೆ, "ಆಕಿ ಎರಡು ಆಟೊ ಬದಲಿ ಮಾಡಿ ಬಂದಿದ್ಲು ಅಕ್ಕಾ. ಹೆಂಗ ಬ್ಯಾಡನ್ಲಿ?" ಎಂದ. ಚಿಗವ್ವನಿಗೆ ಈ ವಿಷಯ ಯಾರೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ನನಗೆ ಬೇರೆ ಹೆದರಿಕೆ ಹಿಡಿಯಿತು. ಬೇಡವೆನ್ನಲಾಗದೆ ಕುಡಿದನೋ, ಸಾಕಾಗಿದೆಯೆಂದು ಕುಡಿದನೋ?

ಹೊರಗಿನ ಬೆಂಚಿನಲ್ಲಿ ಸುವರ್ಣಾಳಿಗೆ ಅದನ್ನೇ ಹೇಳಿದೆ. ಆಟ ಮುಗಿದ ಮೇಲೆ ಪಾಳಿ ಬಿಡುತ್ತೇನೆ ಎಂದಿದ್ದಾನೆ, ನಾನು ಮುಗಿಯದಂತೆ ನೋಡಿಕೊಳ್ಳುತ್ತಿದ್ದೇನೆ, ಹಿಡಿಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ ಎಂದು ಎಲ್ಲವನ್ನೂ ಒಪ್ಪಿಸಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದಳು.

"ಅಕ್ಕಾರ, ಆ ಆಟ ಮುಗದು ಭಾಳ ದಿನ ಆತಲ್ರೀ."

"ಹೆಂಗ ಮುಗೀತದ? ಹಿಡಿಕಿ ನನ್ನ ಹತ್ರ ಐತಿ."

"ಅಂಗಡ್ಯಾಗ ಬ್ಯಾರೆ ಅದಾವಲ್ರೀ. ಒಂದು ತಂದು ಅದಕ್ಕ ಜೋಡಿಸಿಕೊಂಡು ಮನ್ಯಾಗ ಕುಂತು ಮುಗಿಸಿದ್ರು. ನೀವು ಹಿಡಿಕಿ ಒಯ್ದ ವಾರನ. ಕೊನೀ ಮನಿ ಮುಟ್ಟಿದ್ದು ನನ್ನ ಕರದು ತೋರ್ಸಿದ್ರು. ನನಗೂ ಹೇಳಿದ್ರಲ್ಲ, ಆಟ ಮುಗಿಯೂತನಾ ಅಂತ. ನಾ ಅಂಜಿ ಅವತ್ತೆಲ್ಲ ಉಣಲಿಲ್ಲ. ಮುಂಜಾನೆದ್ದು ನೋಡ್ತೀನಿ, ಅಂಗಿ ಇಸ್ತ್ರಿ ಮಾಡಾಕತ್ತಾರ. ಎಲ್ಲಿಗ್ರೀ ಅಂದ್ರ, ಅಕ್ಕ ಸೀಟ್ ಹಿಡದಿರ್ತಾಳ, ಹೋಗದಿದ್ರ ಹೆಂಗ ಅಂತ ಅಂದ್ರು."

 ಇಷ್ಟು ದಿನ ನಾನು ಅವನನ್ನು ಹಿಡಿದಿಟ್ಟಿದ್ದೇನೆಂದು ತಿಳಿದಿದ್ದೆ. ಅವನು ಚಿಗವ್ವನ ಎಳನೀರಿಗೆ ಬೇಡವೆನ್ನಲಾಗದಂತೆ ನನ್ನ ಟವೆಲ್ಲಿಗೂ ಬೇಡವೆನ್ನಲಾಗದೆ ಬರುತ್ತಿದ್ದಾನೆ. ನನ್ನ ಮನಸ್ಸಿಗಾಗಿ ಅವನು ಹೀಗೆ ಸೂಜಿ ಚುಚ್ಚಿಸಿಕೊಳ್ಳಲು ನಾನು ಯಾರು? ಅವತ್ತು ಅವನ ಮೇಲೆ ಸಿಟ್ಟೂ ಬಂತು, ನನ್ನ ಮೇಲೆ ಹೇಸಿಗೆಯೂ ಬಂತು. ಇನ್ನು ಬೀಳಿಸುವುದಿಲ್ಲ ಎಂದು ತೀರ್ಮಾನಿಸಿದೆ. ಆಟ ಮುಗಿಯಲಿ. ಮುಗಿದ ಮೇಲೆ ಅವನು ಬಂದರೆ ತನಗಾಗಿ ಬರಲಿ, ಬರದಿದ್ದರೆ... ಅದನ್ನು ಮುಂದಕ್ಕೆ ಯೋಚಿಸಲು ನನ್ನಿಂದ ಆಗಲಿಲ್ಲ.

ಮೊನ್ನೆಯ ಪಾಳಿಯಲ್ಲಿ ಬಹಳ ಜಾಗ್ರತೆಯಿಂದ ಆಡಿದೆ. ನಡುಹೊತ್ತು ಕಳೆದಿತ್ತು. ಅವನ ಕಾಲಿನ ಬಾವು ಇಳಿದಿತ್ತು. ಗುಂಡ್ಯಾ ಒಂದೊಂದೇ ಮಾಳಿಗೆ ದಾಟಿದ. ಎಂದೂ ಬಿಡದಷ್ಟು ಮುಂದೆ ಬಿಟ್ಟೆ. ಕೊನೆಯ ಮನೆಯ ಹಿಂದಿನ ಮಾಳಿಗೆಯ ಅಂಚಿಗೆ ಅವನನ್ನು ತಂದು ನಿಲ್ಲಿಸಿದೆ. ಇನ್ನು ಒಂದೇ ಜಿಗಿತ, ಅದು ಶರಣುವಿನ ಕೈಯಲ್ಲಿತ್ತು. ಅವನು ಒತ್ತಲಿಲ್ಲ.

"ಒತ್ತಲೇ" ಎಂದೆ.

ಬೆರಳು ಗುಂಡಿಯ ಮೇಲೆಯೇ ಇತ್ತು. ಕಣ್ಣು ಪಾಟಿಯ ಮೇಲಿತ್ತು.

"ಕನೆಕ್ಷನ್ ಹೋತೇನು?"

"ಇಲ್ಲ, ಬರೋಬ್ಬರಿ ಐತಿ."

"ಮತ್ಯಾಕ ಒತ್ತವಲ್ಲಿ?"

ಶರಣು ನನ್ನ ಕಡೆ ತಿರುಗಿದ. ಅವನ ಕಣ್ಣಲ್ಲಿ ಅಷ್ಟು ಹೆದರಿಕೆಯನ್ನು ನಾನು ಎಂದೂ ನೋಡಿರಲಿಲ್ಲ.

"ನೀ ಬೀಳಸ್ತಿ ಅಂತ ಕಾಯಾಕತ್ತೀನಿ ಅಕ್ಕಾ" ಎಂದ.

ಬೀಳಿಸಿದೆ.